ಇಂಗ್ಲೆಂಡಿನ ನಜರೇತ್: ಒಂದು ಹಳ್ಳಿಯ ಹೆಸರಿನ ಕಥೆ



ಮಂಗಳವಾರ್ತೆಯ ಹಬ್ಬದಂದು ನಾವು ಆಲಿಸುವ ಶುಭಸಂದೇಶದಲ್ಲಿ ಸಂತ ಲೂಕರು ಒಂದು ಸಣ್ಣ ಸಂಗತಿಯನ್ನು ಮರೆಯದೆ ದಾಖಲಿಸುತ್ತಾರೆ. ದೇವದೂತ ಗಬ್ರಿಯೇಲನನ್ನು ದೇವರು ಗಲಿಲೇಯಕ್ಕೆ ಕಳುಹಿಸಿದರು ಎಂದಷ್ಟೇ ಬರೆದಿದ್ದರೂ ಸಾಕಾಗುತ್ತಿತ್ತು. ಆದರೆ ಅವರು ಊರಿನ ಹೆಸರನ್ನೂ ಹೇಳುತ್ತಾರೆ: ನಜರೇತ್. ಹಳೆಯ ಒಡಂಬಡಿಕೆಯ ಯಾವ ಗ್ರಂಥದಲ್ಲೂ ಈ ಊರಿನ ಹೆಸರು ಬರುವುದಿಲ್ಲ. ಅಲ್ಲಿ ಯಾವ ರಾಜನೂ ಪಟ್ಟಕ್ಕೇರಲಿಲ್ಲ, ಯಾವ ಪ್ರವಾದಿಯೂ ಅಲ್ಲಿಂದ ಬರಲಿಲ್ಲ. ಆ ಹೆಸರು ಕೇಳಿ ನತಾನಿಯೇಲನು ಮೂಗು ಮುರಿದ ಪ್ರಸಂಗ ನಮಗೆಲ್ಲ ಗೊತ್ತು. ಆದರೂ ಎರಡು ಸಾವಿರ ವರ್ಷಗಳಿಂದ ಆ ಹೆಸರು ನಮ್ಮ ನಾಲಿಗೆಯ ಮೇಲಿದೆ. ಕಾರಣ ಒಂದೇ. ಆ ಊರಿನ ಒಂದು ಮನೆಯಲ್ಲಿ ಒಬ್ಬ ಕನ್ಯೆ ದೇವರ ಮಾತಿಗೆ ಒಪ್ಪಿಗೆ ಕೊಟ್ಟಳು.

ಈ ಹಬ್ಬದ ಸಂದರ್ಭದಲ್ಲಿ, ನಜರೇತಿನ ಆ ಮನೆಯೊಂದಿಗೆ ನಂಟು ಬೆಳೆಸಿಕೊಂಡ ಇನ್ನೊಂದು ಪುಟ್ಟ ಹಳ್ಳಿಯ ಹೆಸರನ್ನು ನಾವು ಬಿಡಿಸಿ ನೋಡೋಣ. ಅದು ಇಂಗ್ಲೆಂಡಿನ ವಾಲ್ಸಿಂಗ್‌ಹ್ಯಾಮ್. ಮಧ್ಯಯುಗದಿಂದಲೇ ಅದಕ್ಕೆ 'ಇಂಗ್ಲೆಂಡಿನ ನಜರೇತ್' ಎಂಬ ಬಿರುದು ಅಂಟಿಕೊಂಡಿದೆ. ಬಿರುದಿನ ವಿಚಾರ ಆಮೇಲೆ. ಮೊದಲು ಹೆಸರಿನ ವಿಚಾರ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ, ಸಮುದ್ರದತ್ತ ಚಾಚಿಕೊಂಡಿರುವ ನಾರ್ಫೋಕ್ ಎಂಬ ಜಿಲ್ಲೆಯಿದೆ. ಅದರ ಉತ್ತರಕ್ಕೆ, ಕಡಲತೀರದಿಂದ ಕೆಲವೇ ಮೈಲಿ ಒಳಗೆ, ಸ್ಟಿಫ್ಕಿ ಎಂಬ ಸಣ್ಣ ನದಿಯ ಬದಿಯಲ್ಲಿ ಈ ಊರು ಇದೆ. ಸುತ್ತಲೂ ಹೊಲಗಳು, ನಡುವೆ ಕಿರಿದಾದ ಬೀದಿಗಳು, ಹಳೆಯ ಕಾಲದ ಮರದ ಚೌಕಟ್ಟಿನ ಮನೆಗಳು. ವಾಸ್ತವವಾಗಿ ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಹಳ್ಳಿಗಳಿವೆ. ಒಂದು ದೊಡ್ಡ ವಾಲ್ಸಿಂಗ್‌ಹ್ಯಾಮ್, ಇನ್ನೊಂದು ಚಿಕ್ಕ ವಾಲ್ಸಿಂಗ್‌ಹ್ಯಾಮ್. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಬಲ್ಲ ನಮಗೆ ಈ ಕ್ರಮ ಹೊಸದೇನಲ್ಲ. ಸೋಜಿಗವೆಂದರೆ, ಇಂದು ಚಿಕ್ಕ ವಾಲ್ಸಿಂಗ್‌ಹ್ಯಾಮೇ ದೊಡ್ಡದು, ದೊಡ್ಡ ವಾಲ್ಸಿಂಗ್‌ಹ್ಯಾಮೇ ಚಿಕ್ಕದು. ಹೀಗೇಕಾಯಿತು ಎಂಬುದಕ್ಕೆ ಉತ್ತರ ಮುಂದೆ ಸಿಗುತ್ತದೆ.

ವಾಲ್ಸಿಂಗ್‌ಹ್ಯಾಮ್ ಎಂಬ ಹೆಸರಿನಲ್ಲಿ ಮೂರು ತುಂಡುಗಳಿವೆ. 1086ರಲ್ಲಿ ವಿಲಿಯಂ ರಾಜನ ಆಜ್ಞೆಯಂತೆ ಇಂಗ್ಲೆಂಡಿನ ಊರುಗಳನ್ನೂ ಹೊಲಗಳನ್ನೂ ಎಣಿಸಿ ಬರೆದ ಡೂಮ್ಸ್‌ಡೇ ಪುಸ್ತಕದಲ್ಲಿ ಇದು 'ವಾಲ್ಸಿಂಗಹಾಮ್' ಎಂದಿದೆ. ಮೊದಲ ತುಂಡು 'ವ್ಯಾಲ್ಸ್'. ಅದು ಒಬ್ಬ ಮನುಷ್ಯನ ಹೆಸರು. ನಡುವಿನ 'ಇಂಗ' ಎಂದರೆ 'ಅವನ ಕಡೆಯವರು', ಅಂದರೆ ಅವನ ಮಕ್ಕಳು, ಬಂಧುಗಳು, ಆಳುಗಳು ಎಲ್ಲರೂ. ಕೊನೆಯ 'ಹಾಮ್' ಎಂದರೆ ಮನೆ, ಮನೆಮಠಗಳಿರುವ ನೆಲೆ. ಒಟ್ಟಿನಲ್ಲಿ 'ವ್ಯಾಲ್ಸ್ ಎಂಬವನ ಕಡೆಯವರ ಮನೆ' ಎಂದು ಅರ್ಥ. ಕ್ರಿಕೆಟ್ ನೋಡುವ ನಮ್ಮ ಹುಡುಗರಿಗೆ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಎಂಬ ಹೆಸರುಗಳು ಪರಿಚಿತವಷ್ಟೆ? ಅವೂ ಇದೇ ಅಚ್ಚಿನವು. ಬರ್ಮಿಂಗ್‌ಹ್ಯಾಮ್ ಬೆಯೊರ್ಮ ಎಂಬವನ ಕಡೆಯವರ ಮನೆ. ನಾಟಿಂಗ್‌ಹ್ಯಾಮ್ ಸ್ನಾಟ್ ಎಂಬವನ ಕಡೆಯವರದ್ದು. ಕಾಲಾಂತರದಲ್ಲಿ ಮುಂದಿನ ಸಕಾರ ಉದುರಿಹೋಯಿತು.

ಈ ವ್ಯಾಲ್ಸ್ ಯಾರು? ಹಳೆಯ ಇಂಗ್ಲಿಷಿನ ಮಹಾಕಾವ್ಯವಾದ 'ಬೇವುಲ್ಫ್'ನಲ್ಲಿ ಆ ಹೆಸರಿನ ಒಬ್ಬ ವೀರಪುರುಷನ ಪ್ರಸ್ತಾಪವಿದೆ. ಆದರೆ ನಾರ್ಫೋಕಿನ ಈ ನದಿಯ ಬದಿಗೆ ಬಂದು ಮನೆ ಕಟ್ಟಿದವನು ಅವನೇ ಎನ್ನಲು ಆಧಾರವಿಲ್ಲ. ರೋಮನ್ನರ ಆಡಳಿತ ಕುಸಿದ ಮೇಲೆ, 5ನೆಯ ಶತಮಾನದಿಂದ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಸಮುದ್ರ ದಾಟಿ ಬಂದು ನೆಲೆಸಿದ ಜನರು ಇಂಥ ಹೆಸರುಗಳನ್ನು ಇಟ್ಟರು. 17ನೆಯ ಶತಮಾನದ ನಡುವಿನಲ್ಲಿ ಹಳೆಯ ವಾಲ್ಸಿಂಗ್‌ಹ್ಯಾಮಿನ ಹೊಲವೊಂದರಲ್ಲಿ 40ರಿಂದ 50 ಮಣ್ಣಿನ ಕುಡಿಕೆಗಳು ಸಿಕ್ಕವು. ಅವುಗಳಲ್ಲಿ ಸುಟ್ಟ ಮಾನವ ಮೂಳೆಗಳೂ ಬೂದಿಯೂ ಇದ್ದವು. ನಾರಿಚ್ ನಗರದ ವೈದ್ಯ ಸರ್ ಥಾಮಸ್ ಬ್ರೌನ್ ಅವುಗಳನ್ನು ರೋಮನ್ನರ ಅವಶೇಷಗಳೆಂದು ಭಾವಿಸಿ, 1658ರಲ್ಲಿ ಸಾವಿನ ಕುರಿತ ತಮ್ಮ ಪ್ರಸಿದ್ಧ ಪುಸ್ತಕವನ್ನು ಪ್ರಕಟಿಸಿದರು. ಮುಂದೆ ವಿದ್ವಾಂಸರು ಅವು ರೋಮನ್ನರವಲ್ಲ, ಸಮುದ್ರ ದಾಟಿ ಬಂದ ಆ ಸ್ಯಾಕ್ಸನ್ ಜನರವು ಎಂದು ಗುರುತಿಸಿದರು. ಸತ್ತವರನ್ನು ಸುಟ್ಟು ಬೂದಿಯನ್ನು ಕುಡಿಕೆಯಲ್ಲಿ ಹೂಳುತ್ತಿದ್ದ ಆ ಜನ ಇನ್ನೂ ಕ್ರಿಸ್ತರನ್ನು ಅರಿತವರಾಗಿರಲಿಲ್ಲ. ಬರ್ಗಂಡಿಯ ಸಂತ ಫೆಲಿಕ್ಸರು ಪೂರ್ವ ಇಂಗ್ಲೆಂಡಿಗೆ ಶುಭಸಂದೇಶವನ್ನು ತಂದದ್ದು ಸುಮಾರು 630ರ ಹೊತ್ತಿಗೆ.

ಹೀಗಾಗಿ, ಪ್ರಿಯರೇ, ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಪುಣ್ಯಕ್ಷೇತ್ರಗಳ ಹೆಸರಿಗೆ ಭಕ್ತಿಯ ಬಣ್ಣ ಬಳಿಯುವ ಆಸೆ ನಮ್ಮೆಲ್ಲರಲ್ಲೂ ಇದೆ. ಊರಿನ ಹೆಸರು ಯಾವುದೋ ಪವಾಡದಿಂದ ಬಂತು, ಯಾರೋ ಸಂತರ ಬಾಯಿಂದ ಬಂತು ಎಂದರೆ ಕೇಳಲು ಹಿತ. ಆದರೆ ವಾಲ್ಸಿಂಗ್‌ಹ್ಯಾಮ್ ಎಂಬ ಹೆಸರಿಗೂ ಮಾತೆ ಮರಿಯಮ್ಮನವರಿಗೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ. ಅದು ಒಬ್ಬ ಮರೆತುಹೋದ ಒಕ್ಕಲಿನ ಹಿರಿಯನ ಹೆಸರು. ಇದರಿಂದ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ. ಸತ್ಯಕ್ಕೆ ಹೆದರುವ ಭಕ್ತಿ ಗಟ್ಟಿಯಾದ ಭಕ್ತಿಯಲ್ಲ. ದೇವರು ನಜರೇತನ್ನು ಆರಿಸಿಕೊಂಡಾಗಲೂ ಅದರ ಹಿಂದಿನ ಕೀರ್ತಿಯನ್ನು ನೋಡಿ ಆರಿಸಲಿಲ್ಲ. ಇದ್ದ ಊರನ್ನು, ಇದ್ದ ಹೆಸರಿನೊಂದಿಗೆ ಸ್ವೀಕರಿಸಿದರು.

ಇನ್ನು ಆ ಊರಿಗೆ ನಜರೇತಿನ ಬಿರುದು ಬಂದ ಬಗೆ. 15ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಮುದ್ರಕ ರಿಚರ್ಡ್ ಪಿನ್ಸನ್ ಅಚ್ಚು ಹಾಕಿದ ಒಂದು ಲಾವಣಿ ಈ ಕಥೆಯನ್ನು ಹೇಳುತ್ತದೆ. 1061ರಲ್ಲಿ ರಿಚೆಲ್ಡಿಸ್ ಎಂಬ ಸಿರಿವಂತ ವಿಧವೆಗೆ ಮರಿಯಮ್ಮನವರು ಮೂರು ಬಾರಿ ದರ್ಶನ ನೀಡಿದರು. ಆಕೆಯನ್ನು ಆತ್ಮದಲ್ಲಿ ನಜರೇತಿಗೆ ಕರೆದೊಯ್ದು, ದೇವದೂತನು ಮಂಗಳವಾರ್ತೆ ತಿಳಿಸಿದ ಮನೆಯನ್ನು ತೋರಿಸಿ, ಅದರ ಉದ್ದಗಲಗಳನ್ನು ಅಳೆದುಕೊಳ್ಳುವಂತೆ ಹೇಳಿದರು. ಅಂಥದ್ದೇ ಮನೆಯನ್ನು ವಾಲ್ಸಿಂಗ್‌ಹ್ಯಾಮಿನಲ್ಲಿ ಕಟ್ಟುವಂತೆ ಸೂಚಿಸಿದರು. ಮುಂಜಾನೆ ಹುಲ್ಲುಗಾವಲೆಲ್ಲ ಇಬ್ಬನಿಯಿಂದ ಒದ್ದೆಯಾಗಿರಲು, ಎರಡು ಕಡೆ ಮಾತ್ರ ಮನೆಯ ಅಳತೆಯಷ್ಟೇ ನೆಲ ಒಣಗಿತ್ತಂತೆ. ರಿಚೆಲ್ಡಿಸ್ ಎರಡು ಬಾವಿಗಳ ಹತ್ತಿರದ ಜಾಗವನ್ನು ಆರಿಸಿದಳು. ಬಡಗಿಗಳು ಎಷ್ಟು ಹೆಣಗಿದರೂ ಮರದ ತುಂಡುಗಳು ಕೂಡಲಿಲ್ಲ. ಅಂದು ರಾತ್ರಿಯೆಲ್ಲ ಆಕೆ ಪ್ರಾರ್ಥನೆಯಲ್ಲಿ ಕಳೆದಳು. ಬೆಳಗಾದಾಗ ಮನೆ ತಾನಾಗಿಯೇ ಇನ್ನೂರು ಅಡಿಗೂ ಹೆಚ್ಚು ದೂರದ ಇನ್ನೊಂದು ಜಾಗದಲ್ಲಿ ಭದ್ರವಾಗಿ ನಿಂತಿತ್ತು.

ಇದು ಲಾವಣಿಯ ಮಾತು. ದಾಖಲೆಗಳು ಏನು ಹೇಳುತ್ತವೆ? 12ನೆಯ ಶತಮಾನದ ಒಂದು ದಾನಪತ್ರ ನಮಗೆ ಉಳಿದಿದೆ. ಜೆಫ್ರಿ ಎಂಬ ಜಮೀನುದಾರನು ಜೆರುಸಲೇಮಿನ ಯಾತ್ರೆಗೆ ಹೊರಡುವ ಮುನ್ನ, ತನ್ನ ತಾಯಿ ವಾಲ್ಸಿಂಗ್‌ಹ್ಯಾಮಿನಲ್ಲಿ ಕಟ್ಟಿಸಿದ ಪ್ರಾರ್ಥನಾಲಯವನ್ನು ಎಡ್ವಿನ್ ಎಂಬ ತನ್ನ ಗುರುವಿಗೆ ಒಪ್ಪಿಸಿ, ಅಲ್ಲೊಂದು ಮಠ ಸ್ಥಾಪಿಸುವಂತೆ ಬರೆದುಕೊಟ್ಟನು. ಸಂತ ಅಗಸ್ಟೀನರ ನಿಯಮವನ್ನು ಪಾಲಿಸುವ ಗುರುಗಳ ಮಠ ಅಲ್ಲಿ ಬೆಳೆಯಿತು. ಈ ಪತ್ರದ ಕಾಲವನ್ನು ಗಮನಿಸಿ ಹಲವು ಇತಿಹಾಸಕಾರರು ಆ ಮನೆಯನ್ನು ಕಟ್ಟಿದ್ದು 1061ರಲ್ಲಿ ಅಲ್ಲ, 12ನೆಯ ಶತಮಾನದಲ್ಲಿ ಎನ್ನುತ್ತಾರೆ. ನಾವು ಪರಂಪರೆಯನ್ನು ಗೌರವಿಸೋಣ, ದಾಖಲೆಯನ್ನೂ ಗೌರವಿಸೋಣ. ಎರಡರಲ್ಲೂ ಒಂದು ಸಂಗತಿ ಸಮಾನವಾಗಿದೆ: ಒಬ್ಬ ತಾಯಿ ಒಂದು ಪುಟ್ಟ ಮನೆ ಕಟ್ಟಿಸಿದಳು, ಮಗನು ಅದನ್ನು ಕಾಪಾಡುವ ಏರ್ಪಾಡು ಮಾಡಿದನು.

ಈ ಮನೆಯಿಂದಲೇ ಚಿಕ್ಕ ವಾಲ್ಸಿಂಗ್‌ಹ್ಯಾಮ್ ದೊಡ್ಡದಾಯಿತು. ಮಠ ಬಂತು, ಸಂತೆ ಬಂತು, ಯಾತ್ರಿಕರಿಗೆ ತಂಗುದಾಣಗಳು ಬಂದವು. ಮೂಲದ ದೊಡ್ಡ ಊರು ಪಕ್ಕದಲ್ಲೇ ಹಳ್ಳಿಯಾಗಿ ಉಳಿಯಿತು. ಆದರೆ ಹೆಸರುಗಳನ್ನು ಯಾರೂ ಅದಲುಬದಲು ಮಾಡಲಿಲ್ಲ. ಯಾತ್ರಿಕರು ಲಂಡನ್ನಿನಿಂದಲೂ ದೂರದೂರದ ಊರುಗಳಿಂದಲೂ ನಡೆದು ಬಂದರು. ರಾತ್ರಿ ಆಕಾಶದಲ್ಲಿ ಬೆಳ್ಳಗೆ ಹರಡಿಕೊಂಡ ಆಕಾಶಗಂಗೆಯನ್ನು ಜನರು 'ವಾಲ್ಸಿಂಗ್‌ಹ್ಯಾಮಿನ ದಾರಿ' ಎಂದು ಕರೆದರು. ನೆಲದ ಮೇಲಿನ ಒಂದು ಹಳ್ಳಿಯ ಹೆಸರು ನಕ್ಷತ್ರಗಳಿಗೂ ತಗಲಿತು!

ಆ ದಾರಿಯ ಕೊನೆಯ ಮೈಲಿಯಲ್ಲಿ, ಹೌಟನ್ ಸೇಂಟ್ ಜೈಲ್ಸ್ ಎಂಬ ಹಳ್ಳಿಯ ಬಳಿ, 14ನೆಯ ಶತಮಾನದಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಕಟ್ಟಿದರು. ಅದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನರಿಗೆ ಅರ್ಪಿತವಾಗಿತ್ತು. ಜನರು ಅದನ್ನು 'ಸ್ಲಿಪ್ಪರ್ ಚಾಪೆಲ್', ಅಂದರೆ 'ಪಾದರಕ್ಷೆಯ ಪ್ರಾರ್ಥನಾಲಯ' ಎನ್ನುತ್ತಾರೆ. ಯಾತ್ರಿಕರು ಅಲ್ಲಿ ಪಾದರಕ್ಷೆ ಕಳಚಿಟ್ಟು ಉಳಿದ ಮೈಲಿಯನ್ನು ಬರಿಗಾಲಿನಲ್ಲಿ ನಡೆಯುತ್ತಿದ್ದರು, ಆದ್ದರಿಂದ ಆ ಹೆಸರು ಎಂಬುದು ಜನರ ಮಾತು. ಎರಡರ ನಡುವಿನ ಹಾದಿ ಎಂಬ ಅರ್ಥದ 'ಸ್ಲೈಪ್' ಎಂಬ ಹಳೆಯ ಪದದಿಂದ ಬಂದಿರಬಹುದು ಎಂಬುದು ಮತ್ತೆ ಕೆಲವರ ಅಭಿಪ್ರಾಯ. ಯಾವ ಅರ್ಥ ಹಿಡಿದರೂ ಅದು ನಡೆದು ಬರುವವರಿಗಾಗಿ ಇದ್ದ ಹೆಸರು.

ಹಾಗೆ ಬರಿಗಾಲಿನಲ್ಲಿ ನಡೆದವರಲ್ಲಿ ರಾಜರೂ ಇದ್ದರು. 1511ರ ಜನವರಿ 1ರಂದು ಎಂಟನೇ ಹೆನ್ರಿ ರಾಜನಿಗೂ ಅರಗಾನಿನ ಕ್ಯಾಥರೀನ್ ರಾಣಿಗೂ ಒಂದು ಗಂಡುಮಗು ಹುಟ್ಟಿತು. ಆ ಕೃತಜ್ಞತೆಗಾಗಿ ರಾಜನು ವಾಲ್ಸಿಂಗ್‌ಹ್ಯಾಮಿಗೆ ಯಾತ್ರೆ ಬಂದನು. ಹತ್ತಿರದ ಬಾರ್‌ಷಮ್‌ನಿಂದ ಬರಿಗಾಲಿನಲ್ಲಿ ನಡೆದನೆಂದು ಹೇಳಿಕೆ. ಮಗು ಎರಡು ತಿಂಗಳು ತುಂಬುವ ಮೊದಲೇ, ಫೆಬ್ರವರಿ 22ರಂದು ತೀರಿಕೊಂಡಿತು. ಮರಿಯಮ್ಮನವರ ಮುಂದೆ ರಾಜನ ಹೆಸರಿನಲ್ಲಿ ಒಂದು ಮೇಣದಬತ್ತಿ ಉರಿಯುತ್ತಿತ್ತು, ಅದರ ವೆಚ್ಚವನ್ನು ಅರಮನೆಯೇ ಭರಿಸುತ್ತಿತ್ತು.

ಆಮೇಲಿನ ಕಥೆ ನಮಗೆ ಗೊತ್ತಿದೆ. ರಾಜನು ರಾಣಿಯನ್ನು ತೊರೆದು ಬೇರೊಬ್ಬಳನ್ನು ಮದುವೆಯಾದನು, ರೋಮಿನ ಸಂಬಂಧವನ್ನು ಕಡಿದುಕೊಂಡು, ತಾನೇ ಇಂಗ್ಲೆಂಡಿನ ಧರ್ಮಸಭೆಯ ಮುಖ್ಯಸ್ಥನೆಂದು ಸಾರಿಕೊಂಡನು. ಮಠಗಳನ್ನು ಮುಚ್ಚುವ ಕೆಲಸ ಆರಂಭವಾಯಿತು. 1537ರಲ್ಲಿ ವಾಲ್ಸಿಂಗ್‌ಹ್ಯಾಮಿನ ಕೆಲವರು ಇದನ್ನು ಎದುರಿಸಲು ಗುಟ್ಟಾಗಿ ಯೋಚಿಸಿದರೆಂಬ ಆರೋಪ ಬಂತು. ಮಠದ ಉಪಮುಖ್ಯಸ್ಥ ನಿಕೊಲಾಸ್ ಮೈಲ್‌ಹ್ಯಾಮರೂ ಸೇರಿದಂತೆ ಹನ್ನೊಂದು ಮಂದಿಗೆ ಮರಣದಂಡನೆಯಾಯಿತು. 1538ರಲ್ಲಿ ಮಠವನ್ನು ಮುಚ್ಚಿದರು, ಪವಿತ್ರ ಮನೆಯನ್ನು ನೆಲಸಮ ಮಾಡಿದರು, ಮರಿಯಮ್ಮನವರ ಸ್ವರೂಪವನ್ನು ಲಂಡನ್ನಿಗೆ ಒಯ್ದು ಸುಟ್ಟರು. ಜಾಗವನ್ನು ಥಾಮಸ್ ಸಿಡ್ನಿ ಎಂಬವನಿಗೆ 90 ಪೌಂಡುಗಳಿಗೆ ಮಾರಿದರು. ಅದೇ ವರ್ಷ ಮಂಗಳವಾರ್ತೆಯ ಹಬ್ಬದ ಕಂತಿನಲ್ಲಿ ರಾಜನ ಮೇಣದಬತ್ತಿಗೆ ಹಣ ಸಂದಾಯವಾಗಿದೆ. ಸೆಪ್ಟೆಂಬರ್ ಕೊನೆಯ ಕಂತಿನಲ್ಲಿ ಅದೇ ಬಾಬಿನ ಮುಂದೆ 'ಇಲ್ಲ' ಎಂದು ಬರೆದಿದೆ. ಒಂದು ಪುಣ್ಯಕ್ಷೇತ್ರದ ಅಂತ್ಯವು ಲೆಕ್ಕದ ಪುಸ್ತಕದಲ್ಲಿ ಒಂದೇ ಪದದಲ್ಲಿ ಮುಗಿದುಹೋಯಿತು.

ತೊರೆಯಲ್ಪಟ್ಟ ಕ್ಯಾಥರೀನ್ ರಾಣಿ 1536ರಲ್ಲೇ ತೀರಿಕೊಂಡಿದ್ದಳು. ತನ್ನ ಪರವಾಗಿ ಯಾರಾದರೊಬ್ಬರು ವಾಲ್ಸಿಂಗ್‌ಹ್ಯಾಮಿಗೆ ಯಾತ್ರೆ ಹೋಗಬೇಕು, ದಾರಿಯಲ್ಲಿ ಬಡವರಿಗೆ ದಾನ ಕೊಡುತ್ತ ಹೋಗಬೇಕು ಎಂಬುದು ಆಕೆಯ ಮರಣಶಾಸನದ ಕೋರಿಕೆಗಳಲ್ಲಿ ಒಂದು. ಒಂದೇ ಅರಮನೆಯಲ್ಲಿ ಬಾಳಿದ ಇಬ್ಬರು ಆ ಊರಿನ ಹೆಸರನ್ನು ಎಷ್ಟು ಬೇರೆ ಬೇರೆಯಾಗಿ ನೆನೆದರು ಎಂಬುದನ್ನು ಗಮನಿಸಿ.

ಹೆಸರಿನ ವಿಪರ್ಯಾಸ ಇಲ್ಲಿಗೇ ನಿಲ್ಲುವುದಿಲ್ಲ. ಊರಿನ ಹೆಸರುಗಳು ಮನೆತನದ ಹೆಸರುಗಳೂ ಆಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. 1573ರಿಂದ ಒಂದನೇ ಎಲಿಜಬೆತ್ ರಾಣಿಯ ಕಾರ್ಯದರ್ಶಿಯಾಗಿದ್ದು, ಗೂಢಚಾರರ ಜಾಲ ಹೆಣೆದು, ಅಡಗಿ ಬಲಿಪೂಜೆ ಅರ್ಪಿಸುತ್ತಿದ್ದ ಕಥೋಲಿಕ ಗುರುಗಳನ್ನು ಬೇಟೆಯಾಡಿಸಿದ ಮಂತ್ರಿಯ ಹೆಸರು ಸರ್ ಫ್ರಾನ್ಸಿಸ್ ವಾಲ್ಸಿಂಗ್‌ಹ್ಯಾಮ್! ಮರಿಯಮ್ಮನವರ ಊರಿನ ಹೆಸರನ್ನು ಹೊತ್ತವನೇ ಅವರ ಮಕ್ಕಳನ್ನು ಸೆರೆಗೆ ತಳ್ಳಿದನು. ಹೆಸರು ತಾನಾಗಿ ಯಾರನ್ನೂ ಪವಿತ್ರಗೊಳಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸಂತರ ಹೆಸರುಗಳನ್ನು ದೀಕ್ಷಾಸ್ನಾನದಲ್ಲಿ ಪಡೆದ ನಾವೆಲ್ಲರೂ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಹೆಸರು ನಮಗೆ ದೊರೆತ ವರ. ಅದಕ್ಕೆ ತಕ್ಕಂತೆ ಬಾಳುವುದು ನಮಗೆ ಉಳಿದ ಕೆಲಸ.

ಮಠದ ಪೂರ್ವದ ಗೋಡೆಯ ದೊಡ್ಡ ಕಮಾನು ಮಾತ್ರ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ಉಳಿಯಿತು. ಸ್ಲಿಪ್ಪರ್ ಚಾಪೆಲ್ ಬಡವರ ವಸತಿಯಾಗಿ, ಕಮ್ಮಾರಸಾಲೆಯಾಗಿ, ಕೊನೆಗೆ ದನದ ಕೊಟ್ಟಿಗೆಯಾಗಿ ಬಳಕೆಯಾಯಿತು. ಆದರೂ ಊರಿನವರು ಆ ಹೆಸರನ್ನು ಬಿಡಲಿಲ್ಲ. ದನ ಕಟ್ಟುವ ಕಟ್ಟಡವನ್ನೂ ಅವರು ಚಾಪೆಲ್ ಎಂದೇ ಕರೆದರು. ಹೆಸರು ಉಳಿದದ್ದರಿಂದ ಹುಡುಕುವವರಿಗೆ ದಾರಿ ಸಿಕ್ಕಿತು.

ಹುಡುಕಿ ಬಂದವರು ಷಾರ್ಲೆಟ್ ಪಿಯರ್ಸನ್ ಬಾಯ್ಡ್ ಎಂಬ ಮಹಿಳೆ. ಲಂಡನ್ನಿನಲ್ಲಿ ಅನಾಥ ಮಕ್ಕಳ ಆಶ್ರಮ ನಡೆಸುತ್ತಿದ್ದ ಆಕೆ 1890ರ ದಶಕದಲ್ಲಿ ಕಥೋಲಿಕ ಸಭೆಯನ್ನು ಸೇರಿದರು, ತಮ್ಮ ಹಣದಿಂದ ಆ ಕೊಟ್ಟಿಗೆಯನ್ನು ಕೊಂಡು ದುರಸ್ತಿ ಮಾಡಿಸಿದರು. 1897ರ ಆಗಸ್ಟ್ 20ರಂದು, 359 ವರ್ಷಗಳ ನಂತರ, ಯಾತ್ರಿಕರ ಒಂದು ತಂಡ ಮತ್ತೆ ಆ ಪ್ರಾರ್ಥನಾಲಯಕ್ಕೆ ಬಂತು. 1934ರ ಆಗಸ್ಟ್ 15ರಂದು ಧರ್ಮಾಧ್ಯಕ್ಷ ಲಾರೆನ್ಸ್ ಯೂಯೆನ್ಸ್ ಅಲ್ಲಿ ಬಲಿಪೂಜೆ ಅರ್ಪಿಸಿದರು. ಕೆಲವೇ ದಿನಗಳಲ್ಲಿ ಕಾರ್ಡಿನಲ್ ಫ್ರಾನ್ಸಿಸ್ ಬೋರ್ನ್ ಸಾವಿರಾರು ಯಾತ್ರಿಕರೊಂದಿಗೆ ಆಗಮಿಸಿದರು. ಅದು ಇಂಗ್ಲೆಂಡಿನ ಕಥೋಲಿಕರ ರಾಷ್ಟ್ರೀಯ ಪುಣ್ಯಕ್ಷೇತ್ರವಾಯಿತು. 1982ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸಿದಾಗ ವಾಲ್ಸಿಂಗ್‌ಹ್ಯಾಮಿನ ಮಾತೆಯ ಸ್ವರೂಪವನ್ನು ಅಲ್ಲಿಗೆ ಕೊಂಡೊಯ್ದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಆ ಪುಣ್ಯಕ್ಷೇತ್ರಕ್ಕೆ ಬೆಸಿಲಿಕಾ ಪದವಿ ನೀಡಿದರು.

ಕಥೋಲಿಕರಷ್ಟೇ ಅಲ್ಲ, ಆಂಗ್ಲಿಕನ್ ಸಹೋದರರೂ ಆ ಹೆಸರನ್ನು ಅರಸಿ ಬಂದರು. ಊರಿನ ಅವರ ಪಾದ್ರಿ ಆಲ್ಫ್ರೆಡ್ ಹೋಪ್ ಪ್ಯಾಟನ್ 1922ರಲ್ಲಿ ಮರಿಯಮ್ಮನವರ ಸ್ವರೂಪವನ್ನು ತಮ್ಮ ದೇವಾಲಯದಲ್ಲಿ ಪ್ರತಿಷ್ಠಾಪಿಸಿ, 1931ರಲ್ಲಿ ಪವಿತ್ರ ಮನೆಯನ್ನು ಮರಳಿ ಕಟ್ಟಿಸಿದರು. 1964ರಲ್ಲಿ ಊರಿಗೆ ರೈಲು ನಿಂತುಹೋದ ಮೇಲೆ ಹಳೆಯ ರೈಲು ನಿಲ್ದಾಣವು ಆರ್ಥೊಡಾಕ್ಸ್ ಸಭೆಯವರ ಪ್ರಾರ್ಥನಾಲಯವಾಯಿತು. ಯಾವ ಹೆಸರಿಗಾಗಿ ಒಂದು ಕಾಲದಲ್ಲಿ ರಕ್ತ ಹರಿಯಿತೋ ಅದೇ ಹೆಸರಿನಡಿ ಬೇರೆಬೇರೆ ಸಭೆಗಳ ಮಕ್ಕಳು ಇಂದು ಒಂದೇ ಬೀದಿಯಲ್ಲಿ ನಡೆಯುತ್ತಾರೆ. ನಮ್ಮ ದೇಶದವರೂ ಅವರಲ್ಲಿದ್ದಾರೆ. ಕೇರಳದಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿ, ದಾದಿಯರಾಗಿಯೂ ಇತರ ಕೆಲಸಗಳಲ್ಲಿಯೂ ದುಡಿಯುತ್ತಿರುವ ಸೀರೋ-ಮಲಬಾರ್ ಕುಟುಂಬಗಳು ಪ್ರತಿವರ್ಷ ಬೇಸಿಗೆಯಲ್ಲಿ ಮುತ್ತುಕೊಡೆಗಳನ್ನು ಹಿಡಿದು ಆ ಹಳ್ಳಿಯ ದಾರಿಯಲ್ಲಿ ಮೆರವಣಿಗೆ ಹೋಗುತ್ತಾರೆ.

ಪ್ರಿಯರೇ, ಆ ಹೆಸರಿನ ಕೊನೆಯ ತುಂಡನ್ನು ಮತ್ತೊಮ್ಮೆ ನೋಡೋಣ: ಹಾಮ್, ಮನೆ. ವ್ಯಾಲ್ಸ್ ಎಂಬವನು ಕಟ್ಟಿದ ಮನೆ ಎಲ್ಲಿತ್ತೋ ಇಂದು ತೋರಿಸುವವರಿಲ್ಲ. ರಿಚೆಲ್ಡಿಸ್ ಕಟ್ಟಿಸಿದ ಮನೆಯೂ ಉರುಳಿತು. ಅದು ನಿಂತಿದ್ದ ಜಾಗವನ್ನು 1961ರಲ್ಲಿ ನೆಲ ಅಗೆದು ಗುರುತಿಸಬೇಕಾಯಿತು. ಮರ ಕೊಳೆಯುತ್ತದೆ, ಕಲ್ಲನ್ನು ರಾಜರು ಕೆಡವುತ್ತಾರೆ. ಆದರೆ ಒಬ್ಬನ ಕಡೆಯವರಿಗೆ ಮಾತ್ರ ಸೇರಿದ್ದ ಒಂದು ಮನೆಯ ಹೆಸರು, ಬಾಗಿಲು ತೆರೆದದ್ದರಿಂದ, ಎಲ್ಲರಿಗೂ ಸೇರಿದ ಮನೆಯ ಹೆಸರಾಯಿತು. ದೇವರ ಮಾತಿಗೆ 'ಆಗಲಿ' ಎಂದ ಮನೆಯ ನೆನಪು ಅಲ್ಲಿ ನೆಲೆಸಿತು, ಆ ನೆನಪಿಗಾಗಿ ಜನ ನಡೆದು ಬಂದರು. ಅವರ ನಡಿಗೆಯಿಂದ ಹೆಸರು ಉಳಿಯಿತು.

ನಮ್ಮ ಮನೆಗಳಿಗೂ ಹೆಸರುಗಳಿವೆ. ಬಾಗಿಲ ಮೇಲೆ ಸಂತರ ಹೆಸರನ್ನೋ ಹಿರಿಯರ ಹೆಸರನ್ನೋ ಕೆತ್ತಿಸಿರುತ್ತೇವೆ. ಆ ಫಲಕದ ಕೆಳಗೆ ಸಂಜೆ ಜಪಸರ ಹಿಡಿದು ಕೂರುವವರಿದ್ದಾರೆಯೇ? ಬಂದ ಬಡವರಿಗೆ ಅಲ್ಲಿ ಒಂದು ಲೋಟ ನೀರು ಸಿಗುತ್ತದೆಯೇ? ಮುನಿಸಿಕೊಂಡು ಹೋದ ತಮ್ಮನಿಗೆ, ಮದುವೆಯಾಗಿ ದೂರವಾದ ಮಗಳಿಗೆ ಆ ಹೆಸರು ಕೇಳಿದರೆ ಮರಳಿ ಬರಬೇಕೆನಿಸುತ್ತದೆಯೇ? ಈ ಮಂಗಳವಾರ್ತೆಯ ಹಬ್ಬದಂದು ಪ್ರತಿಯೊಂದು ಕುಟುಂಬವೂ ಈ ಪ್ರಶ್ನೆಗಳನ್ನು ತನ್ನೊಳಗೆ ಕೇಳಿಕೊಳ್ಳಲಿ.

ನಜರೇತಿನ ಮನೆಯಲ್ಲಿ ದೇವರ ವಾಕ್ಯಕ್ಕೆ ಸ್ಥಳ ಕೊಟ್ಟ ಮಾತೆ ಮರಿಯಮ್ಮನವರು ನಮ್ಮ ಮನೆಗಳಲ್ಲೂ ಅದೇ ವಾಕ್ಯಕ್ಕೆ ಸ್ಥಳ ಮಾಡಿಕೊಡಲು ನಮಗೆ ಕಲಿಸಲಿ. ನಮ್ಮ ಊರುಗಳ ಹೆಸರು ಯಾರಿಂದಲೇ ಬಂದಿರಲಿ, ಅವು ದೇವರ ಮಕ್ಕಳ ಮನೆಗಳೆಂದು ಗುರುತಿಸಿಕೊಳ್ಳುವಂತಾಗಲಿ. ಆಮೆನ್.